ಬಾಜೂ ಮನಿ

ದಿಗಂಬರ ತಗಡುಗಳನ್ನು ತಲೆಯ ಮೇಲೆ ಹೊತ್ತು ಬಾಜೂ ಮನೆಯ ಕಡೆ ನಡೆದಾಗ ಅವನ ಹೆಂಡತಿ ದ್ರೌಪತಿ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಆ ತಗಡುಗಳನ್ನು ಆಕೆ ತಮ್ಮ ಬಚ್ಚಲಿಗೆಂದು ಗೋಡೆಗೆ ಆನಿಸಿಟ್ಟಿದ್ದಳು. ಅವನು ಆಕೆಯನ್ನು ಒಂದು ಮಾತೂ ಕೇಳಲಿಲ್ಲ. ರತ್ನಮಾಲಾಳ ಮನೆ ಸೋರುತ್ತಿದೆ ಎಂದಷ್ಟೇ ಹೇಳಿ ಹೋದ. ತಮ್ಮ ಮನೆಯೂ ಸೋರುತ್ತದೆಂಬುದು ಅವನಿಗೆ ನೆನಪಿದ್ದಂತಿರಲಿಲ್ಲ.

ಮನೆಯೆಂದರೆ ಯಾರದೂ ಅಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವ ರಸ್ತೆಯ ಬದಿಗೆ ಸರ್ಕಾರ ಎಂದೋ ಕಟ್ಟಿ ಬಿಟ್ಟುಹೋದ ಕ್ವಾರ್ಟರ್ಸು. ಉಳಿದವೆಲ್ಲ ಕುಸಿದು ಎರಡು ಮಾತ್ರ ನಿಂತಿದ್ದವು. ಹುಡಗಿ ಎಂಬ ಊರಿನ ಒಂದೇ ಖೋಲಿಯಲ್ಲಿ ದಿಗಂಬರನ ಅಣ್ಣತಮ್ಮಂದಿರ ಸಂಸಾರಗಳೆಲ್ಲ ಹಿಡಿಸದಾದಾಗ ಕಲ್ಲೆತ್ತಿ ಮೊದಲನೆಯದರ ಕೀಲಿ ಒಡೆದವಳು ದ್ರೌಪತಿಯೇ. ದಿಗಂಬರ ಹೆದರಿ ರಸ್ತೆಯಲ್ಲೇ ನಿಂತಿದ್ದ. ಮುಂದೆ ಕೊಡಂಬಲದಲ್ಲಿ ತನ್ನ ಚಿಕ್ಕವ್ವನ ಮಗಳು ರತ್ನಮಾಲಾ ಗಂಡ ಸತ್ತು ಒಬ್ಬಂಟಿಯಾದಾಗ, ಕರೆತಂದು ಪಕ್ಕದ ಎರಡನೆಯದರಲ್ಲಿ ಇಳಿಸಿದವಳೂ ದ್ರೌಪತಿಯೇ. ಅದರ ಚಾವಣಿ ತೂತುಬಿದ್ದಿತ್ತು, ಒಳಗೆ ಗೇಣೆತ್ತರ ಆಡಿನ ಹಿಕ್ಕೆ.

ರತ್ನಮಾಲಾ ಕೂಲಿಯಿಂದ ಬಂದವಳು ಸುಮ್ಮನೆ ಕೂರಲಿಲ್ಲ. ಹಿಕ್ಕೆಯನ್ನು ಬಳಿದು ಅಂಗಳಕ್ಕೆ ಗೊಬ್ಬರ ಮಾಡಿ ಚೆಂಡುಹೂವಿನ ಸಸಿ ಹಚ್ಚಿದಳು. ಸುಣ್ಣದಲ್ಲಿ ನೀಲಿ ಕಲಸಿ ಗೋಡೆಗೆ ಬಳಿದಳು. ರಸ್ತೆಯ ಪೈಪಿನಿಂದ ಜಿನುಗುವ ನೀರನ್ನು ಬಾಗಿಲಿನ ಡ್ರಮ್ಮಿಗೆ ಇಳಿಸಿಕೊಂಡಳು. ಹೊಲದಿಂದ ಮರಳುವ ಹೆಣ್ಣುಮಕ್ಕಳು ಮೊದಲು ದ್ರೌಪತಿಯ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು. ಈಗ ಅದನ್ನು ದಾಟಿ ಮುಂದೆ ಹೋಗುತ್ತಾರೆ. ಅಲ್ಲಿಂದ ಅವರ ನಗು ಕೇಳಿದಾಗಲೆಲ್ಲ ದ್ರೌಪತಿಗೆ ಎದೆಗೆ ಖಾರ ಸವರಿದಂತಾಗುತ್ತಿತ್ತು. ದಿಗಂಬರನೂ ಚಹಾ ಅಲ್ಲೇ ಕುಡಿದು ಬರತೊಡಗಿದ. ಆಕೆ ಶುಂಠಿ ಹಾಕುತ್ತಾಳೆಂದು ಒಮ್ಮೆ ಹೇಳಿದ. ಮರುದಿನ ದ್ರೌಪತಿ ಶುಂಠಿ ಜಜ್ಜಿ ಹಾಕಿದಳು. ಅವನು ಕುಡಿದು ಲೋಟ ಇಟ್ಟು ಎದ್ದು ಹೋದ. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇಲ್ಲವೆಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆಕಿಚ್ಚು ಆರಲಿಲ್ಲ.

ತಗಡು ಹೊದಿಸಿದ ವಾರದೊಳಗೆ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಸೋಯಾ ರಾಶಿಯ ದಿನಗಳು. ಎಲ್ಲರೂ ಹೊಲದಲ್ಲಿದ್ದರು, ಜ್ವರ ಬಂದ ದ್ರೌಪತಿ ಒಬ್ಬಳೇ ಮನೆಯಲ್ಲಿದ್ದಳು. ರಸ್ತೆ ಕೆಲಸದ ಸಿಮೆಂಟ್ ಇಡಲು ಸದ್ಯ ಒಂದು ಮನೆ ಖಾಲಿಯಾಗಬೇಕು, ಇನ್ನೊಂದರ ಮಾತು ಆಮೇಲೆ ಎಂದರು. ರಸ್ತೆಗೆ ಹತ್ತಿರವಿದ್ದದ್ದು ದ್ರೌಪತಿಯ ಮನೆ. ಅವರ ಕಣ್ಣೂ ಅದರ ಮೇಲೆಯೇ ಇತ್ತು.

"ಇದು ಸೋರ್ತದ್ರಿ ಸಾಹೇಬ್ರ, ಸಿಮೆಂಟ್ ಕಲ್ಲಾಗ್ತದ," ಎಂದಳು ದ್ರೌಪತಿ. "ಅದನ್ನ ನೋಡ್ರಿ. ಮ್ಯಾಲ ಹೊಸಾ ತಗಡು ಅದ, ನೆಲಾ ಒಣಾ ಅದ, ಬಾಗಲದಾಗ ನೀರು. ಅಂಥಾ ಮನಿ ಈ ಕಡಿ ಎಲ್ಲೂ ಇಲ್ರಿ."

ಬಾಜೂ ಮನೆಯನ್ನು ಆಕೆ ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ಸಾಹೇಬರು ಹೋಗಿ ನೋಡಿ ಬಂದು ತಲೆಯಾಡಿಸಿದರು. ಅಲ್ಲಿ ಯಾರಿದ್ದಾರೆಂದು ಕೇಳಿದಾಗ, ಯಾರೋ ಕೊಡಂಬಲದಾಕೆ ಎಂದಳು.

ಮರುದಿನವೇ ಲಾರಿ ಬಂತು. ರತ್ನಮಾಲಾ ಅಳಲಿಲ್ಲ, ಜಗಳಾಡಲಿಲ್ಲ. ಯಾರದೋ ಮನೆ, ಇಷ್ಟು ದಿನ ಇರಗೊಟ್ಟರಲ್ಲ ಎಂದು ಸಾಮಾನು ಕಟ್ಟಿದಳು. ಆಕೆ ಕೊಡಂಬಲದ ದಾರಿ ಹಿಡಿಯುವುದನ್ನು ನೋಡಲು ದ್ರೌಪತಿ ಕಟ್ಟೆಯ ಮೇಲೆ ಕಾದು ನಿಂತಳು. ಆದರೆ ರತ್ನಮಾಲಾ ರಸ್ತೆಯ ಕಡೆ ತಿರುಗಲೇ ಇಲ್ಲ. ಬುದ್ಧನ ಫೋಟೋ ಎದೆಗವಚಿಕೊಂಡು ನೇರ ಇತ್ತಲೇ ಬಂದಳು. ಹಿಂದೆ ದಿಗಂಬರ ಆಕೆಯ ಟ್ರಂಕು ಹೊತ್ತಿದ್ದ.

"ಯಕ್ಕಾ, ನೀ ಇದ್ದೀ ಅಂತ ನನಗ ಧೈರ್ಯ," ಎಂದಳು ರತ್ನಮಾಲಾ. "ಇಲ್ಲಂದ್ರ ನಾ ಎಲ್ಲಿ ಹೋಗ್ತಿದ್ದೆ?"

ದ್ರೌಪತಿ ಬಾಗಿಲು ಬಿಟ್ಟು ಸರಿದು ನಿಂತಳು.

ಸಂಜೆ ರತ್ನಮಾಲಾ ದ್ರೌಪತಿಯ ಒಲೆಯನ್ನು ಮೂಲೆಯಿಂದ ಕಿಟಕಿಯ ಕೆಳಗೆ ಸರಿಸಿದಳು. ಹೊಗೆ ಹೊರಗೆ ಹೋಗತೊಡಗಿತು. ದ್ರೌಪತಿ ರೊಟ್ಟಿ ಬಡಿದಳು, ರತ್ನಮಾಲಾ ಬೇಯಿಸಿದಳು. ಹೊರಗೆ ಸಿಮೆಂಟಿನ ಚೀಲಗಳು ಒಂದೊಂದಾಗಿ ಇಳಿಯುವ ಸಪ್ಪಳ. ದಿಗಂಬರ ತಲೆ ಎತ್ತದೆ ಉಣ್ಣುತ್ತಿದ್ದ. ಗಂಗಾಳ ಖಾಲಿಯಾದಾಗ ಇನ್ನೊಂದು ರೊಟ್ಟಿ ಬೇಕೆಂದ. ಇಬ್ಬರ ಕೈಗಳೂ ಒಟ್ಟಿಗೇ ಬುಟ್ಟಿಗೆ ಹೋದವು.