ಹಡಗಲಿಯಿಂದ ಬಂದ ಲಗ್ನಪತ್ರಿಕೆ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುಜೀಬನ ಪ್ರಿಂಟಿಂಗ್ ಅಂಗಡಿ. ಮಷೀನು ಓಡಿಸುವುದು ಅವನು, ಚಿತ್ರ ಬರೆಯುವುದು ಅವನ ಹೆಂಡತಿ ಮೆಹರೀನ. ಲಗ್ನಪತ್ರಿಕೆಯ ಮೇಲಿನ ಕಳಸ, ಬಾಳೆಕಂಬ, ಚಂದ್ರ, ಮಿನಾರು ಎಲ್ಲವೂ ಅವಳ ಕೈಯವು. ಬೇರೆ ಅಂಗಡಿಯವರು ಇಂಟರ್ನೆಟ್ಟಿನಿಂದ ನವಿಲು ಇಳಿಸಿಕೊಂಡರೆ ಇವಳು ಒಂದೊಂದು ಗರಿಯನ್ನೂ ಕಂಪ್ಯೂಟರಿನಲ್ಲಿ ತಾನೇ ಎಳೆಯುತ್ತಿದ್ದಳು. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದಲೂ ಜನ ಆ ನವಿಲನ್ನು ಕೇಳಿಕೊಂಡು ಬರುತ್ತಿದ್ದರು. ಈ ಸೀಮೆಯಲ್ಲಿ ತನ್ನಷ್ಟು ಚೆಂದ ಬರೆಯುವವರು ಇನ್ನೊಬ್ಬರಿಲ್ಲ ಎಂದು ಅವಳು ನಂಬಿದ್ದಳು. ಅಲ್ಲವೆನ್ನುವವರು ಯಾರೂ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಅರ್ಚನಾ ಎಂಬ ಹುಡುಗಿ ಬಂದಳು. ಗುಡೇಕೋಟೆಯಲ್ಲಿ ನರ್ಸು, ಮದುವೆ ಗೊತ್ತಾಗಿತ್ತು. ಮೆಹರೀನ ನವಿಲಿನ ಮಾದರಿ ಮುಂದಿಟ್ಟಳು.

"ನವಿಲು ಬ್ಯಾಡ್ರಿ ಅಕ್ಕಾರ. ನಂಗ ಇಂಥಾದು ಬೇಕು," ಎಂದು ಅರ್ಚನಾ ಮೊಬೈಲು ತೋರಿಸಿದಳು.

ಗೆಳತಿಯ ಮದುವೆಯ ಕರೆಯೋಲೆ ಅದು. ಮಲ್ಲಿಗೆಯ ಬುಟ್ಟಿಗಳನ್ನು ಹೇರಿಕೊಂಡ ಒಂದು ಮೊಪೆಡ್. ಮುಂದೆ ಮದುಮಗ, ಹಿಂದೆ ಬುಟ್ಟಿಗಳ ನಡುವೆ ಸಿಕ್ಕಿಕೊಂಡ ಮದುಮಗಳು. ಬರೆದ ಚಿತ್ರವಾದರೂ ಗಾಡಿ ಕುಲುಕುತ್ತ ಓಡುತ್ತಿತ್ತು, ಹೂವು ಗಾಳಿಗೆ ಹಾರಿ ಅಕ್ಷರಗಳಾಗುತ್ತಿದ್ದವು. ಮದುಮಗನ ಒಂದು ಚಪ್ಪಲಿ ಜಾರಿ ಬಿದ್ದಿತ್ತು. ಅದು ಅವನಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ನಾಲ್ಕಾರು ಗೆರೆಗಳಲ್ಲಿ ಅವಳ ನಗು ನಿಂತಿತ್ತು.

ಮೆಹರೀನಳ ಎದೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು.

"ಯಾರು ಬರದಾರ ಇದನ್ನ?"

"ಹಡಗಲಿಯಾಗ ನಾಗರತ್ನ ಅಂತ ಅದಾರ್ರಿ. ಅವ್ರ ಹತ್ರ ಈಗ ಭಾಳ ರಶ್ಶು. ನೀವು ಮಾಡಿಕೊಡತೀರಿ?"

"ಇದ್ರಾಗೇನೈತಿ? ಮಾಡಿಕೊಡತೀನಿ," ಎಂದಳು ಮೆಹರೀನ.

ಹುಡುಗಿ ಹೋದ ಮೇಲೆ, ಅವಳು ತನ್ನ ಮೊಬೈಲಿಗೆ ಕಳಿಸಿದ್ದ ಆ ಚಿತ್ರವನ್ನು ತಪ್ಪು ಹುಡುಕಲು ದೊಡ್ಡದು ಮಾಡಿ ನೋಡಿದಳು. ಸಿಕ್ಕಿತು: ಗಾಡಿಯ ಗಾಲಿ ದುಂಡಗಿರಲಿಲ್ಲ. ಆ ಗೆಲುವು ಬಹಳ ಹೊತ್ತು ಉಳಿಯಲಿಲ್ಲ. ಗಾಲಿ ದುಂಡಗಿಲ್ಲದ್ದಕ್ಕೇ ಗಾಡಿ ಓಡುತ್ತಿತ್ತು. ತಾನಾಗಿದ್ದರೆ ತಟ್ಟೆಯಷ್ಟು ದುಂಡಗೆ ಬರೆದು ಅದನ್ನು ನಿಲ್ಲಿಸಿಬಿಡುತ್ತಿದ್ದೆ ಎಂದು ಅವಳಿಗೆ ಹೊಳೆದು ಇನ್ನಷ್ಟು ಉರಿಯಿತು.

ಆದರೂ ಅದನ್ನೇ ಮುಂದಿಟ್ಟುಕೊಂಡು ಬರೆದಳು. ಬುಟ್ಟಿ, ಹೂವು, ಚಪ್ಪಲಿ ಯಾವುದನ್ನೂ ಬಿಡಲಿಲ್ಲ. ಅರ್ಚನಾ ಬಂದು ನೋಡಿ ಮುಖ ಸಣ್ಣದು ಮಾಡಿಕೊಂಡಳು.

"ಎಲ್ಲಾ ಹಂಗಾ ಐತ್ರಿ. ಆದ್ರ ಇವ್ರು ಫೋಟೋಕ್ಕ ನಿಂತಂಗ ಅದಾರಲ್ರಿ. ನಾ ಹಡಗಲಿಗೇ ಹೋಗಿ ಕೇಳ್ಲೇನ್ರಿ?"

"ಎಲ್ಡು ದಿನ ತಡಿರಿ," ಎಂದಳು ಮೆಹರೀನ.

ಮರುದಿನ ಚಿಕ್ಕಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಗಂಡನಿಗೆ ಹೇಳಿ ಅವಳು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದಳು. ಅಲ್ಲಿಂದ ಹಡಗಲಿ. ನಾಗರತ್ನಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೇಳಿದವರೆಲ್ಲ ಕೈ ಮಾಡಿ ತೋರಿಸಿದರು. ಅದೂ ಅವಳಿಗೆ ಚುಚ್ಚಿತು.

ನಾಗರತ್ನ ಮೂವತ್ತರ ಆಸುಪಾಸಿನವಳು, ದೊಡ್ಡ ದನಿಯವಳು. ಕೂದಲಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದಳು.

"ಬರ್ರಿ ಅಕ್ಕಾ, ಕುಂದರ್ರಿ. ಯಾರ ಮದುವಿ?"

"ನಮ್ಮ ತಮ್ಮಂದು," ಎಂದು ಮೆಹರೀನ ಸುಳ್ಳು ಹೇಳಿದಳು. ಅವಳಿಗೆ ತಮ್ಮನೇ ಇರಲಿಲ್ಲ.

ಗೋಡೆಯ ತುಂಬ ಚಿತ್ರಗಳು. ಹೂವು ಬಿಡಿಸುವ ಹೆಂಗಸರು, ಬಸ್ಸಿನ ಕಿಟಕಿಯಲ್ಲಿ ಬಾಯಿ ತೆರೆದು ಮಲಗಿದವನು, ಕಂಡಕ್ಟರನನ್ನು ದುರುಗುಟ್ಟಿ ನೋಡುವ ಕೋಳಿ. ಒಂದಾದರೂ ಕೆಟ್ಟದ್ದು ಸಿಕ್ಕೀತೇ ಎಂದು ಮೆಹರೀನ ಮೂಲೆ ಮೂಲೆ ನೋಡಿದಳು. ಸಿಗಲಿಲ್ಲ. ಕೋಳಿಯ ಮುಂದೆ ನಿಂತಾಗ ತಡೆಯಲಾಗದೆ ನಗು ಬಂತು. ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಹುಡುಗ ಹೆಂಗದಾನ? ಹುಡುಗೀಗಿ ಸಿಟ್ಟು ಬರೋವಂಥಾದು ಏನ್ ಮಾಡತಾನ?" ಎಂದು ನಾಗರತ್ನ ಕೇಳಿದಳು.

ಇಂಥ ಪ್ರಶ್ನೆಗೆ ಮೆಹರೀನ ಸಿದ್ಧಳಾಗಿರಲಿಲ್ಲ. ಬಾಯಿಗೆ ಬಂದದ್ದು ಗಂಡನ ವಿಷಯವೇ. "ಚಾಳೀಸು ತಲಿ ಮ್ಯಾಲ ಇಟ್ಟಗೊಂಡು ಅಂಗಡಿಯೆಲ್ಲಾ ಹುಡುಕತಾನ್ರಿ. ಡಬ್ಬಿ ತೆಗೀತಾನ, ಮಷೀನಿನ ಕೆಳಗ ಬಗ್ಗಿ ನೋಡತಾನ. ಯಾರ ತಗೊಂಡ್ರಿ ಅಂತ ಎಲ್ಲಾರ ಮ್ಯಾಲೂ ಹಾರ್‍ಯಾಡತಾನ."

ನಾಗರತ್ನ ಟ್ಯಾಬ್ಲೆಟ್ಟಿನ ಮೇಲೆ ಪೆನ್ನು ಆಡಿಸತೊಡಗಿದಳು. ಮೆಹರೀನ ಆ ಕೈಯನ್ನೇ ನೋಡಿದಳು. ನಾಗರತ್ನ ಒಂದು ಗೆರೆ ಎಳೆದು, ಅಳಿಸಿ, ಇನ್ನೊಂದು ಎಳೆದು ನಗುತ್ತಿದ್ದಳು. ಬರೆಯುವಾಗ ಯಾರಾದರೂ ನಗುವುದನ್ನು ಮೆಹರೀನ ಕಂಡಿರಲಿಲ್ಲ. ತಾನಂತೂ ಹಲ್ಲು ಕಚ್ಚಿ ಬರೆಯುವವಳು.

ಚಿತ್ರ ಆಯಿತು. ಬಗ್ಗಿ ಮಷೀನಿನ ಕೆಳಗೆ ತಲೆ ಹಾಕಿದ ಗಂಡಸು. ಕನ್ನಡಕ ನೆತ್ತಿಯ ಮೇಲೆ. ಹಿಂದೆ ಸ್ಟೂಲಿನ ಮೇಲೆ ಕುಳಿತ ಹೆಂಗಸು, ಹೇಳದೆ, ಕೆನ್ನೆಯೊಳಗೆ ನಗುತ್ತ ಅವನನ್ನೇ ನೋಡುತ್ತಿದ್ದಾಳೆ.

"ಹುಡುಗಿ ನಗತಾಳ ಅಂತ ನಾ ಹೇಳ್ಲಿಲ್ಲಲ್ರಿ," ಎಂದಳು ಮೆಹರೀನ.

"ಹೇಳ್ಲಿಲ್ರಿ. ಆದ್ರ ಹೇಳುವಾಗ ನೀವು ನಕ್ರಿ."

ಮೆಹರೀನಳಿಗೆ ಅಲ್ಲಿ ಕೂರಲಾಗಲಿಲ್ಲ. ಚಿತ್ರ ಕಳಿಸಲು ನಂಬರು ಕೇಳಿದರೆ ಅವಸರದಲ್ಲಿ ಅಂಗಡಿಯದ್ದೇ ಕೊಟ್ಟು ಹೊರಟುಬಿಟ್ಟಳು.

ಕೊಟ್ಟೂರಿಗೆ ಬರುವ ಹೊತ್ತಿಗೆ ಮುಜೀಬ ಮೊಬೈಲು ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. "ಇಲ್ಲಿ ನೋಡು ಮೆಹರೀನ! ಯಾರೋ ನಂದಽ ಚಿತ್ರ ಕಳಿಸ್ಯಾರ! ಇದು ನಾನಽ, ಇದು ನೀನಽ!" ಪಕ್ಕದ ಚಹಾದಂಗಡಿಗೂ ಹೋಗಿ ತೋರಿಸಿ ಬಂದ.

ಅವಳಿಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ನನ್ನ ನವಿಲು ನೋಡಿ ಒಂದಿನಾನೂ ಹಿಂಗ ಖುಷಿ ಪಟ್ಟಿಲ್ಲ ನೀವು."

ಮುಜೀಬ ಗಲಿಬಿಲಿಗೊಂಡ. "ನವಿಲು ಚೆಂದ ಐತಿ. ಚೆಂದ ಐತಿ ಅಂತ ಎಲ್ಲಾರಿಗೂ ಹೇಳತೀನಿ. ಆದ್ರ ನವಿಲಿನ್ಯಾಗ ನಾವೆಲ್ಲಿ ಅದೀವಿ?"

ಅವಳು ಎಲ್ಲ ಹೇಳಿದಳು. ಕೇಳಿ ಮುಜೀಬ, "ಹಂಗಾರ ಆಕಿ ಬರೀಲಿ, ನಾವು ಪ್ರಿಂಟ್ ಹಾಕೋಣ," ಎಂದುಬಿಟ್ಟ. ಮೆಹರೀನ ಸಿಟ್ಟಿನಿಂದ ಎದ್ದು ಒಳಗೆ ಹೋದಳು. ಆಮೇಲೆ ಅರ್ಚನಾಗೆ ಫೋನು ಮಾಡಿದಳು.

"ನಿಮ್ಮ ಹುಡುಗನ್ನ ಎಲ್ಲಿ ನೋಡಿದ್ರಿ ಮೊದಲು?"

ಅರ್ಚನಾ ನಾಚಿಕೊಂಡು ಹೇಳಿದಳು. ಹುಡುಗ ಅಮರೇಶ್, ದನದ ಆಸ್ಪತ್ರೆಯಲ್ಲಿ ಕೆಲಸ. ಗುಡೇಕೋಟೆಯ ಗುಡ್ಡದ ಬುಡದಲ್ಲಿ ಅವನು ಆಡುಗಳಿಗೆ ಸೂಜಿ ಹಾಕುತ್ತಿದ್ದ. ಇವಳು ದಾರಿಯಲ್ಲಿ ಹೋಗುವಾಗ ಆಡೊಂದು ಇವಳ ವೇಲಿನ ತುದಿ ಬಾಯಿಗೆ ಹಾಕಿಕೊಂಡಿತು. ಅವನು ಬಿಡಿಸಲು ಬಂದ, ಆಡು ಬಿಡಲಿಲ್ಲ.

ಮೆಹರೀನ ಅಂದು ಕಂಪ್ಯೂಟರು ಹಚ್ಚಲಿಲ್ಲ, ಕಾಗದ ತೆಗೆದುಕೊಂಡಳು. ಮನುಷ್ಯರು ಮತ್ತೆ ಮತ್ತೆ ಬಿಗಿದುಕೊಂಡು ನಿಂತರು. ಹರಿದು ಹಾಕಿದಳು. ಹಡಗಲಿಯ ಆ ಕೈ ಕಣ್ಣ ಮುಂದೆ ಬಂದು ಅಣಕಿಸುತ್ತಿತ್ತು. ಕಡೆಗೆ ಆಡು ಬಂತು: ಒಂದು ಕಣ್ಣು ಅರ್ಧ ಮುಚ್ಚಿ, ಎಲೆಯಡಿಕೆ ಹಾಕಿಕೊಂಡ ಮದುವೆ ಮನೆಯ ಹಿರಿಯರಂತೆ ವೇಲನ್ನು ಮೆಲ್ಲುವ ಆಡು. ಅದರ ಗಡ್ಡಕ್ಕೆ ಗೆರೆ ಎಳೆಯುವಾಗ ತಾನು ಗಟ್ಟಿಯಾಗಿ ನಕ್ಕದ್ದು ಅವಳಿಗೇ ಕೇಳಿಸಿತು.

ಅರ್ಚನಾ ನೋಡಿ, "ಅಯ್ಯ, ಅದಽ ಆಡು!" ಎಂದು ಕೂಗಿದಳು. ಹುಡುಗ ಸ್ವಲ್ಪ ಸೆಟೆದಿದ್ದಾನೆ ಎಂದೂ ಹೇಳಿದಳು. ಅದು ನಿಜವಾಗಿತ್ತು. ಆದರೂ ಕಾರ್ಡು ಅದೇ ಆಯಿತು.

ಮೆಹರೀನ ಅದನ್ನು ನಾಗರತ್ನಳಿಗೆ ಕಳಿಸಿದಳು. ಜೊತೆಗೆ, ತಾನು ಕೊಟ್ಟೂರಿನ ನವಿಲಿನವಳು, ತಮ್ಮನ ಮದುವೆ ಸುಳ್ಳು ಎಂದೂ ಬರೆದಳು. ಮೊಬೈಲಿನಲ್ಲಿ ನೀಲಿ ಗುರುತು ಬಿದ್ದು ನಾಗರತ್ನ ನೋಡಿದ್ದು ಗೊತ್ತಾಯಿತು. ಉತ್ತರ ಮಾತ್ರ ಬರಲಿಲ್ಲ. ಆ ಮೌನ ಹೊಗಳಿಕೆಯೋ ತಿರಸ್ಕಾರವೋ ಎಂದು ಮೆಹರೀನ ಒಳಗೊಳಗೇ ಬೆಂದಳು.

ಮುಂದಿನ ಲಗ್ನಗಳ ಕಾಲಕ್ಕೆ ನೀಲಗುಂದದ ಗಿರಾಕಿಯೊಬ್ಬ ನಾಗರತ್ನ ಬರೆದ ಹೊಸ ಕಾರ್ಡೊಂದನ್ನು ಅಂಗಡಿಗೆ ತಂದ. ಹಿತ್ತಲಲ್ಲಿ ಮದುಮಗ ಓಡುತ್ತಿದ್ದಾನೆ; ಅವನ ಧೋತರದ ಚುಂಗು ಎಮ್ಮೆಯೊಂದರ ಬಾಯಲ್ಲಿ. ಎಮ್ಮೆಯ ಒಂದು ಕಣ್ಣು ಅರ್ಧ ಮುಚ್ಚಿತ್ತು.

ಮೆಹರೀನ ಎದ್ದು ನಿಂತಳು. "ಕದ್ದಾಳ! ನೋಡ್ರಿ ಇಲ್ಲಿ, ನನ್ನ ಆಡು ಕದ್ದು ಎಮ್ಮಿ ಮಾಡ್ಯಾಳ!"

"ಫೋನ್ ಹಚ್ಚಿ ಬೈಯಿ ಮತ್ತ," ಎಂದ ಮುಜೀಬ.

ಅವಳು ಬೈಯಲಿಲ್ಲ. ಆ ಕಾರ್ಡನ್ನು ಇಡೀ ಮಧ್ಯಾಹ್ನ ಕೈಯಲ್ಲೇ ಹಿಡಿದುಕೊಂಡು, ಬಂದ ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು. ಸಿಟ್ಟಿನ ಮಾತೇ ಆಡುತ್ತಿದ್ದಳು, ಮುಖ ಮಾತ್ರ ಅರಳಿತ್ತು. ಎಮ್ಮೆಯನ್ನು ನಾಗರತ್ನ ತನ್ನ ಆಡಿಗಿಂತ ಚೆನ್ನಾಗಿ ಬರೆದಿದ್ದಳು ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ.