ನಾಲ್ಕೇ ನಡೆಗೆ ಮೇಟ್

ಕ್ಷೌರದಂಗಡಿಯ ಯಜಮಾನ ಹಿಡಿದ ಮೊಲಕ್ಕೆ ಮೂರೇ ಕಾಲು. ಅವನ ಮೂವತ್ತು ವರ್ಷದ ಗೆಳೆಯ, ನಿವೃತ್ತ ಅಂಚೆಯವನೂ ಏನೂ ಕಡಿಮೆಯಿರಲಿಲ್ಲ. ಅಂಗಡಿಯ ಹಿಂಬದಿ ಬೆಂಚಿನ ಮೇಲೆ ಚದುರಂಗದ ಸಮಸ್ಯೆ ಹೂಡಿ, "ಬಿಡ್ಸು ನೋಡೋಣ" ಎಂದು ಕೆಣಕುವುದೇ ಅವನ ಪಿಂಚಣಿಯ ಕಾಲದ ಉದ್ಯೋಗ.

ಕೊನೆಯ ಸಮಸ್ಯೆ ಹೂಡಿದ ದಿನ ಯಜಮಾನನ ಎದುರು ಅರ್ಧ ಬೋಳಿಸಿದ ಗಲ್ಲವೊಂದಿತ್ತು. "ಮೊದಲು ಬಿಳಿ. ನಾಲ್ಕೇ ನಡೆಗೆ ಮೇಟ್, ಕರಿ ರಾಜ ಖತಂ. ಬೇಗ ಬರ್ಕೋ, ಆಸ್ಪತ್ರೆಗೆ ಹೊತ್ತಾಯ್ತು" ಎಂದು ಗೆಳೆಯ ಅವಸರ ಮಾಡಿದ. ಯಜಮಾನ ಗಿರಾಕಿಯ ಕಡೆಯಿಂದ ತಿರುಗದೆಯೇ ಕಾಯಿಗಳ ಜಾಗವನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಗೀಚಿಕೊಂಡ. ಗೆಳೆಯ ಕಾಯಿಗಳನ್ನು ಡಬ್ಬಿಗೆ ಸುರಿದು ಹೋದ. ಹೋದವನನ್ನು ಆಸ್ಪತ್ರೆಯವರು ಅಲ್ಲೇ ದಾಖಲು ಮಾಡಿಕೊಂಡರು.

ಆರು ವಾರ ತಿಣುಕಿದರೂ ಬಗೆಹರಿಯಲಿಲ್ಲ. ಸೋತೆ ಎನ್ನಲು ಮನಸ್ಸು ಬಾರದೆ ಯಜಮಾನ ಗೆಳೆಯನ ಮಂಚದ ಪಕ್ಕ ಕೂತು, "ಮೇಟೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಲೆಕ್ಕಾನೇ ತಪ್ಪು ಕಣೋ" ಎಂದುಬಿಟ್ಟ. ಗೆಳೆಯ ಕಣ್ಣು ಮುಚ್ಚಿ ಬಹಳ ಹೊತ್ತು ಮನಸ್ಸಿನಲ್ಲೇ ಕಾಯಿ ನಡೆಸಿದ. "ನಂಗೇನೋ ಸರಿಯಾಗೇ ಬರ್ತಿದೆ. ಆದ್ರೆ ನೀನು ಹಲಗೆ ಮುಂದಿಟ್ಕೊಂಡು ನೋಡಿದೀಯ. ನಂಗೀಗ ತಲೆ ಓಡ್ತಿಲ್ಲ ಬಿಡು" ಎಂದ. ಒಂದು ಮಾತಿಗೂ ಜಗಳಕ್ಕೆ ಬರಲಿಲ್ಲ. ನಾಲ್ಕನೇ ದಿನ ತೀರಿಕೊಂಡ.

ತಪ್ಪು ಅವನದೋ ತನ್ನದೋ ಎಂಬ ಕೊರಗು ಯಜಮಾನನನ್ನು ಬಿಡಲಿಲ್ಲ. ಕಡೆಗೆ ಒಂದು ರಜಾದಿನ ಮಗಳನ್ನು ಅಂಗಡಿಗೆ ಕರೆತಂದು ಹಾಳೆ ಕೊಟ್ಟ. ಅವಳು ಲ್ಯಾಪ್‌ಟಾಪಿನ ಚೆಸ್ ಸಾಫ್ಟ್‌ವೇರಿನಲ್ಲಿ ಕಾಯಿ ಜೋಡಿಸಿದಳು. ತೆರೆಯ ಮೂಲೆಯಲ್ಲಿ ಸೆಕೆಂಡುಗಳು ಓಡಿದವು. ನಾಲ್ಕು ನಡೆಗೆ ಮೇಟ್ ಇಲ್ಲ ಎಂದು ಉತ್ತರ ಬಂತು.

"ನೋಡಿದ್ಯಾ? ನಾನ್ ಹೇಳಿದ್ದೇ ಸರಿ" ಎಂದ ಯಜಮಾನ. ಗೆದ್ದ ಸಂತೋಷ ಮಾತ್ರ ಎಲ್ಲೂ ಇರಲಿಲ್ಲ.

"ಅಪ್ಪ, ಬಿಳಿ ರಾಜ ಮಂತ್ರಿ ಮನೇಲಿ ಯಾಕೆ ಕೂತಿದಾನೆ? ಇದನ್ನ ಎಲ್ಲಿ ನಿಂತು ಬರ್ಕೊಂಡೆ?"

"ಇಲ್ಲೇ, ಕುರ್ಚಿ ಹಿಂದೆ."

ಮಗಳು ಅಲ್ಲಿ ನಿಂತು ಎದುರಿನ ಕನ್ನಡಿ ನೋಡಿದಳು. ಹಿಂಬದಿಯ ಬೆಂಚು ಅದರೊಳಗೆ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಜನರನ್ನು ಕನ್ನಡಿಯಲ್ಲೇ ನೋಡಿ, ಕನ್ನಡಿಯಲ್ಲೇ ಮಾತಾಡಿಸಿದವನಿಗೆ ಅದು ಕನ್ನಡಿಯೆಂಬುದೇ ಮರೆತುಹೋಗಿತ್ತು.

ಅವಳು ಎಡದ್ದನ್ನೆಲ್ಲ ಬಲಕ್ಕೆ, ಬಲದ್ದನ್ನೆಲ್ಲ ಎಡಕ್ಕೆ ಇಟ್ಟಳು. ರಾಜ ಸ್ವಂತ ಮನೆಗೆ ಬಂದ. ಮೊದಲ ನಡೆಯೇ ಕ್ಯಾಸ್ಲಿಂಗ್: ರಾಜನೂ ಆನೆಯೂ ಒಟ್ಟಿಗೆ ಸರಿಯುವ ಆ ನಡೆ, ರಾಜ ಸ್ವಂತ ಮನೆಯಲ್ಲಿದ್ದರಷ್ಟೇ ಸಾಧ್ಯ. ಅಲ್ಲಿಂದ ನೇರ ಮೇಟ್. ಸರಿಯಾಗಿ ನಾಲ್ಕೇ ನಡೆ.

"ಎಷ್ಟು ಹೊತ್ತು ತಗೊಳ್ತು?"

"ಒಂದು ಸೆಕೆಂಡೂ ಇಲ್ಲ ಅಪ್ಪ."

"ಅವನು ಕಣ್ಮುಚ್ಕೊಂಡು ಎಷ್ಟು ಹೊತ್ತು ಹುಡುಕಿದ ಗೊತ್ತಾ, ಇಲ್ದಿರೋ ತಪ್ಪನ್ನ?" ಎನ್ನುತ್ತ ಯಜಮಾನ ಅತ್ತುಬಿಟ್ಟ. ಆಮೇಲೆ ಕನ್ನಡಿಗೆ ಬೆನ್ನು ಹಾಕಿ, ಖಾಲಿ ಬೆಂಚಿನ ಕಡೆ ನೇರವಾಗಿ ತಿರುಗಿ, "ನೀನೇ ಸರಿ ಕಣೋ" ಎಂದ.