ಫುಲ್ ತೋಳಿನ ಅಂಗಿ

ಸೂರ್ಯಕಾಂತನನ್ನು ಪೊಲೀಸರು ಮೂರು ದಿನ ಠಾಣೆಯಲ್ಲಿಟ್ಟುಕೊಂಡು ಬೆಲ್ಟಿನಿಂದ ಹೊಡೆದರು. ಹಿಡಿದದ್ದು ನಿನ್ನೆ ಸಂಜೆ ಐದಕ್ಕೆ ಎಂದು ಕಾಗದದಲ್ಲಿ ಬರೆದರು.

ಅವನು ಕಲಬುರಗಿಯ ಜಗತ್ ವೃತ್ತದಲ್ಲಿ ಕೆಂಪು ಬಾಳೆಹಣ್ಣು ಮಾರುವವನು. ಆ ಠಾಣೆಯ ಪಿಎಸ್‌ಐ ಮುದುಕಿಯೊಬ್ಬಳ ಪೇರಲಹಣ್ಣಿನ ಬುಟ್ಟಿ ಒದ್ದದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದ. ಅಳಿಸೆಂದರೆ ಅಳಿಸಲಿಲ್ಲ.

ಕಮಲಾಪುರದಲ್ಲಿದ್ದ ಅವನ ಹೆಂಡತಿ ಸೂಗಮ್ಮನಿಗೆ ಇವತ್ತು ಮಧ್ಯಾಹ್ನ ಠಾಣೆಯಿಂದ ಫೋನು ಬಂತು. ‘ನಿನ್ನ ಗಂಡಗ ಜಡ್ಜ್ ಮುಂದ ಹಾಜರ್ ಮಾಡೋದದ. ಫುಲ್ ತೋಳಿನ ಅಂಗಿ ತಗೊಂಡು ಲಗೂನ ಬಾ.’

ಅವನು ಬದುಕಿದ್ದಾನೆಂದು ಅವಳಿಗೆ ತಿಳಿದದ್ದು ಆಗಲೇ. ಕೂಲಿಗೆ ಹೋಗಿದ್ದ ಬಾಳೆತೋಟದಿಂದ ನೇರ ಬಸ್ಸು ಹತ್ತಿದಳು. ಮನೆಯಲ್ಲಿದ್ದ ಒಂದೇ ಫುಲ್ ತೋಳಿನ ಅಂಗಿ ಅವಳ ಮೈಮೇಲೆಯೇ ಇತ್ತು. ಗಂಡನ ಮದುವೆಯ ಅಂಗಿ. ಬಿಸಿಲಿಗೆಂದು ಸೀರೆಯ ಮೇಲೆ ತೊಡುತ್ತಿದ್ದಳು. ತುಂಬ ಬಾಳೆಯ ಕಲೆ.

‘ಎಲ್ಲದಬೇ ಅಂಗಿ?’ ಠಾಣೆಯಲ್ಲಿ ಹವಾಲ್ದಾರ ಯಶವಂತ ಕೇಳಿದ.

‘ಇದೇ ಅದರೀ.’

‘ನೋಡ್ರಿ ಸಾಹೇಬ್ರ, ಅಂಗಿ ತಾ ಅಂದ್ರ ಹಾಕ್ಕೊಂಡೇ ಬಂದಾಳ! ಜಡ್ಜ್ ಮುಂದ ಇಕಿನ್ನೇ ನಿಲ್ಲಿಸೋಣೇನು?’

ಪಿಎಸ್‌ಐ ನಕ್ಕ. ಸೂಗಮ್ಮನೂ ನಗಲು ನೋಡಿದಳು. ಅಂಗಿ ಬಿಚ್ಚಲೆಂದು ಮೇಲಿನ ಎರಡು ಗುಂಡಿ ತೆಗೆದಳು.

ಅಷ್ಟರಲ್ಲಿ ಸೂರ್ಯಕಾಂತನನ್ನು ಕರೆತಂದರು. ಅರ್ಧ ತೋಳಿನ ಅಂಗಿಯ ಹೊರಗೆ ಎರಡೂ ಕೈ ಬಾತು ಕಪ್ಪಾಗಿದ್ದವು. ಬೆಲ್ಟಿನ ಬಕಲ್ ಬಿದ್ದಲ್ಲೆಲ್ಲ ಚೌಕಾಕಾರದ ಗಾಯ.

ಮೂರನೆಯ ಗುಂಡಿಯ ಮೇಲೆ ಅವಳ ಕೈ ನಿಂತಿತು.

‘ಏನ್ ನೋಡ್ತಿ?’ ಎಂದ ಯಶವಂತ. ‘ಬಿಚ್ಚಿ ಅವಗ ಹಾಕು. ಐದರೊಳಗ ಒಯ್ಯಬೇಕು, ಇಪ್ಪತ್ನಾಕು ತಾಸು ಮುಗೀಲಾಕತ್ತಾವ.’

‘ಹೊಡದಾರೇನು ಅಂತ ಜಡ್ಜ್ ಸಾಹೇಬ್ರು ಕೇಳಂಗಿಲ್ಲೇನ್ರೀ?’

‘ಕೇಳಿದ್ರ ಇಲ್ಲ ಅಂತಾನ. ಹೌದಿಲ್ಲೋ?’

‘ಹೌದ್ರೀ. ಇಲ್ಲ ಅಂತೀನ್ರೀ,’ ಎಂದ ಸೂರ್ಯಕಾಂತ. ಹೆಂಡತಿಯತ್ತ ತಿರುಗಿದ. ‘ಕೊಡು ಸೂಗಿ. ಕೊಡದಿದ್ರ ವಾಪಸ್ ತಂದು ಮತ್ತ ಹೊಡೀತಾರ. ಕೈ ಮುಗೀತೀನಿ.’

ಮುಗಿಯಲು ಹೋದ. ಕೈಗಳು ಎದೆಯವರೆಗೆ ಏಳಲಿಲ್ಲ.

‘ನೋಡು, ಗಂಡಗಿರೋ ಅಕಲ್ ನಿನಗಿಲ್ಲ,’ ಎಂದ ಯಶವಂತ. ‘ಬಿಚ್ಚು. ಇಲ್ಲಂದ್ರ ನಿನ್ನ ಮ್ಯಾಲೂ ಕೇಸ್ ಹಾಕ್ತೀನಿ.’

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ಸೂಗಮ್ಮ ತೆಗೆದಿದ್ದ ಎರಡು ಗುಂಡಿಗಳನ್ನು ಕುತ್ತಿಗೆಯವರೆಗೆ ಮತ್ತೆ ಹಾಕಿಕೊಂಡಳು.

‘ಕೇಸ್ ಹಾಕ್ರಿ. ಆ ಕೈ ಜಡ್ಜ್ ಸಾಹೇಬ್ರು ನೋಡ್ಲಿ. ನಾ ಅಂಗಿ ಕೊಡಂಗಿಲ್ಲ.’